ಮೂರಡಿ ಮೇಜಿನ ಮೇಲೆ ಬಯಲುಸೀಮೆಯ ಬೆಟ್ಟದ ಕೋಟೆ: ಫ್ಯಾಂಟಸಿ ಮಿನಿಯೇಚರ್ ಆಟಕ್ಕೆ ಟೆರೇನ್ ಮಾಡುವ ಸಮಗ್ರ ಮಾರ್ಗದರ್ಶಿ

ಮಿನಿಯೇಚರ್ ಆಟ ಎಂದರೆ ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನು ಸರಿಸಿ ಆಡುವ ಯುದ್ಧದಾಟ. ಆ ಗೊಂಬೆಗಳು ಓಡಾಡುವ ಬೆಟ್ಟ, ಗೋಡೆ, ಮರಗಳ ಮಾದರಿಯೇ ಟೆರೇನ್. ಮೊದಲ ಸಲ ಟೆರೇನ್ ಮಾಡಿದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಸ್ಪ್ರೇ ಹೊಡೆದ ಕೂಡಲೇ ಬಂಡೆ ಕರಗಿತು. ಬೇಸ್, ಅಂದರೆ ತಳದ ಹಲಗೆ, ಹಪ್ಪಳದ ಹಾಗೆ ಸೊಟ್ಟಗಾಯಿತು. ಬೆಟ್ಟ ಚೆನ್ನಾಗಿ ಬಂತು, ಆದರೆ ಅದರ ಮೇಲೆ ಒಂದು ಗೊಂಬೆಯೂ ನಿಲ್ಲುತ್ತಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಎಲ್ಲ ಸರಿ, ಮೇಜಿನ ಮೇಲೆ ಒಟ್ಟಿಗೆ ಇಟ್ಟರೆ ಸಂತೆ. ಇವುಗಳಲ್ಲಿ ಕೈಚಳಕ ಸಾಲದೆ ಕೆಟ್ಟದ್ದು ಒಂದೂ ಇಲ್ಲ. ಎಲ್ಲವೂ ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಿದ್ದರಿಂದ ಕೆಟ್ಟವು. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ.

ಇಲ್ಲಿ ಹಿಡಿದಿರುವುದು 28ರಿಂದ 32 ಮಿ.ಮೀ. ಎತ್ತರದ ಗೊಂಬೆಗಳಿಗೆ ಹೊಂದುವ, 3 ಅಡಿ ಉದ್ದ 3 ಅಡಿ ಅಗಲದ ಮೇಜು. ಥೀಮ್: ಪಾಳುಬಿದ್ದ ಬೆಟ್ಟದ ಕೋಟೆ. ಮಧುಗಿರಿ, ಪಾವಗಡ, ಗುಡಿಬಂಡೆ ಹತ್ತಿ ಇಳಿದವರಿಗೆ ಮಾದರಿಯನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಮೂರು ವಾರಾಂತ್ಯ ಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಒಣಗಲು ಬಿಡುವುದೇ ಕೆಲಸ.

ಹಂತ 1: ಚಾಕು ಹಿಡಿಯುವ ಮೊದಲು ನಾಲ್ಕು ಸಾಲು

ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಮಣ್ಣು ಯಾವ ಬಣ್ಣ? ಕಲ್ಲು ಯಾವ ಆಕಾರ? ಗೋಡೆಯನ್ನು ಹೇಗೆ ಕಟ್ಟಿದ್ದಾರೆ? ಲೋಕದಲ್ಲಿ ಇಲ್ಲದ್ದು ಈ ಜಾಗದಲ್ಲಿ ಏನಿದೆ? ಥೀಮ್ ಎಂದರೆ ಇಷ್ಟೇ. ಈ ನಾಲ್ಕು ಉತ್ತರ ಪ್ರತಿ ತುಂಡಿನಲ್ಲೂ ಮರಳಿ ಬಂದರೆ ಮೇಜು ಒಂದೇ ಊರಿನ ಹಾಗೆ ಕಾಣುತ್ತದೆ.

ನಮ್ಮ ಉತ್ತರಗಳು: ಕೆಮ್ಮಣ್ಣು, ಗುಂಡು ಬಂಡೆ, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ದಪ್ಪ ಕಲ್ಲು, ಬಂಡೆಯ ಬಿರುಕಿನಲ್ಲಿ ಹಸಿರುನೀಲಿ ಬೆಳಕು.

ಹೆಚ್ಚು ಜನ ಎಡವುವುದು ಎರಡನೆಯ ಉತ್ತರದಲ್ಲಿ. ವಿಡಿಯೋಗಳಲ್ಲಿ ಕಲಿಸುವುದು ಪದರ ಪದರವಾದ ಚೂಪು ಬಂಡೆ, ಮರದ ತೊಗಟೆ ಅಂಟಿಸಿದ ಕಡಿದಾದ ಗೋಡೆ. ಅದು ಬೇರೆ ಸೀಮೆಯ ಕಲ್ಲು. ಕೋಲಾರದ ಅಂತರಗಂಗೆಯಲ್ಲಿ ಕಾಣುವುದು ಗ್ರಾನೈಟ್ ಜಾತಿಯ ಕಲ್ಲು. ಈರುಳ್ಳಿ ಸಿಪ್ಪೆಯ ಹಾಗೆ ಹೊರಪದರ ಕಳಚಿಕೊಳ್ಳುತ್ತಾ ಹೋಗುವುದರಿಂದ ಅದು ದುಂಡಗಾಗುತ್ತದೆ, ಒಂದರ ಮೇಲೊಂದು ಕೂತಂತೆ ರಾಶಿ ಬೀಳುತ್ತದೆ. ಚೂಪು ಬಂಡೆಗೆ ಎಷ್ಟು ಚಂದ ಕೆಂಪುಮಣ್ಣು ಹಚ್ಚಿದರೂ ಅದು ನಮ್ಮ ಬೆಟ್ಟ ಆಗುವುದಿಲ್ಲ.

ನಾಲ್ಕನೆಯದಕ್ಕೆ ಒಂದೇ ಉತ್ತರ ಇರಲಿ. ಡ್ರ್ಯಾಗನ್ ತಲೆಬುರುಡೆ, ಮಂತ್ರಾಕ್ಷರ, ಎಲುಬಿನ ರಾಶಿ, ಹೊಳೆಯುವ ಹರಳು ನಾಲ್ಕೂ ಸೇರಿದರೆ ಜಾತ್ರೆ ಅಂಗಡಿಯಾಗುತ್ತದೆ.

ಹಂತ 2: ಅಳತೆ

3 ಅಡಿ ಮೇಜು ಎಂದರೆ 36 ಗುಣಿಲೆ 36, ಅಂದರೆ 1,296 ಚದರ ಇಂಚು. ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಟೆರೇನ್ ಇದ್ದರೆ ಆಟ ಚುರುಕಾಗಿರುತ್ತದೆ. ಕಡಿಮೆಯಾದರೆ ಬಿಲ್ಲುಗಾರರು ಮೊದಲ ಸುತ್ತಲ್ಲೇ ಆಟ ಮುಗಿಸುತ್ತಾರೆ, ಹೆಚ್ಚಾದರೆ ಗೊಂಬೆ ಸರಿಸಲು ಜಾಗ ಇರುವುದಿಲ್ಲ.

ಮಾಡಬೇಕಾದ ತುಂಡುಗಳು:

- ಬತ್ತೇರಿ ಸಮೇತ ಹೆಬ್ಬಾಗಿಲು, 10×8 ಇಂಚು: 1
- ಬಂಡೆಗುಡ್ಡ, 8×7 ಇಂಚು: 2
- ಕಲ್ಯಾಣಿ, 8×8 ಇಂಚು: 1
- ಗುಂಡುಗಳ ರಾಶಿ, 5×4 ಇಂಚು: 3
- ಮರದ ತೋಪು, 6×5 ಇಂಚು: 2
- ಕುಸಿದ ಗೋಡೆ, 6×1 ಇಂಚು: 4

ಕೂಡಿದರೆ 400 ಚದರ ಇಂಚು, ಶೇ. 31ರ ಹತ್ತಿರ. ಸ್ವಲ್ಪ ಹೆಚ್ಚೇ ಆಯಿತು ಅನಿಸಿದರೆ ಆಡುವಾಗ ಒಂದು ತೋಪು ಪಕ್ಕಕ್ಕಿಡಿ.

ತುಂಡುಗಳ ಗಾತ್ರವನ್ನು ಈಗಲೇ ಇನ್ನೊಂದು ಲೆಕ್ಕಕ್ಕೂ ಹೊಂದಿಸಿಕೊಳ್ಳಬೇಕು: ಇಡುವ ಡಬ್ಬ. ಟೊಮೆಟೊ ಕ್ರೇಟ್ ಇದಕ್ಕೆ ಹೇಳಿ ಮಾಡಿಸಿದ್ದು. ಗಟ್ಟಿ, ಒಂದರ ಮೇಲೊಂದು ಕೂರುತ್ತದೆ, ಗಾಳಿಯಾಡುತ್ತದೆ. ನಿಮ್ಮ ಕೈಗೆ ಸಿಕ್ಕ ಕ್ರೇಟ್‌ನ ಒಳ ಅಳತೆ ಹಿಡಿದು, ಯಾವ ತುಂಡೂ ಅದಕ್ಕಿಂತ ದೊಡ್ಡದಾಗದ ಹಾಗೆ ನೋಡಿಕೊಳ್ಳಿ. ಎಲ್ಲ ಮುಗಿದ ಮೇಲೆ ಬತ್ತೇರಿ ಅರ್ಧ ಇಂಚು ಎತ್ತರವಾಯಿತು ಎಂದು ಗರಗಸ ಹಿಡಿಯುವುದು ಬೇಡ.

ಇನ್ನು ಗೊಂಬೆಯ ಅಳತೆ. ಇದು ಗೊಂಬೆಯ ಎತ್ತರಕ್ಕಿಂತ ಅದರ ಬೇಸ್‌ನ (ಗೊಂಬೆಯ ಕಾಲಡಿಯ ಬಿಲ್ಲೆಯ) ಅಗಲಕ್ಕೆ ಕಟ್ಟುಬಿದ್ದದ್ದು. 32 ಮಿ.ಮೀ. ಬೇಸ್ ನಿಲ್ಲಬೇಕಾದ ಜಾಗ ಕನಿಷ್ಠ 40 ಮಿ.ಮೀ. ಸಮತಟ್ಟಾಗಿರಲಿ. ಹೆಬ್ಬಾಗಿಲಿನ ಅಗಲ 60 ಮಿ.ಮೀ., ಎತ್ತರ 70 ಮಿ.ಮೀ. ಇಟ್ಟರೆ ಕುದುರೆ ಸವಾರನೂ ನುಗ್ಗುತ್ತಾನೆ. ಮರೆಗೆ ಬಳಸುವ ಕುಸಿದ ಗೋಡೆ 20 ಮಿ.ಮೀ. ಎತ್ತರ ಸಾಕು, ಗೊಂಬೆಯ ಎದೆಮಟ್ಟ ಬರುತ್ತದೆ. ನೋಟವನ್ನು ಪೂರ್ತಿ ತಡೆಯಬೇಕಾದ ಗೋಡೆ 60 ಮಿ.ಮೀ.ಗಿಂತ ಕಡಿಮೆ ಬೇಡ. 30ರಿಂದ 40 ಮಿ.ಮೀ. ನಡುವಿನ ಗೋಡೆಯನ್ನು ಮಾತ್ರ ಮಾಡಲೇಬೇಡಿ: ಕಾಣುತ್ತದೋ ಇಲ್ಲವೋ ಎಂದು ಪ್ರತಿ ಸುತ್ತಿಗೂ ಜಗಳ.

ಹಂತ 3: ಸಾಮಾನು

ಮುಖ್ಯ ಸಾಮಗ್ರಿ ಎಕ್ಸ್‌ಪಿಎಸ್ ಫೋಮ್, ಅಂದರೆ ಒಂದು ಬಗೆಯ ಪಾಲಿಸ್ಟೈರೀನ್. ಮೇಲ್ಚಾವಣಿಗೆ, ಕೋಲ್ಡ್ ಸ್ಟೋರೇಜ್ ಗೋಡೆಗೆ ಶಾಖ ತಡೆಯಲು ಹಾಕುವ ಗಟ್ಟಿ ಹಾಳೆ ಇದು. 25 ಮಿ.ಮೀ. ದಪ್ಪದ, 1250×600 ಮಿ.ಮೀ. ಹಾಳೆ ಒಂದು ಸಾಕು. ಆ ಕೆಲಸ ಮಾಡಿಸುವ ಗುತ್ತಿಗೆದಾರರ ಹತ್ತಿರ ಉಳಿದ ತುಂಡು ಕೇಳಿದರೆ ಸಿಗುತ್ತದೆ. ಬಿಳಿ ಥರ್ಮಾಕೋಲ್ ಬೇರೆ, ಇದು ಬೇರೆ. ಥರ್ಮಾಕೋಲ್ ಕಾಳುಕಾಳಾಗಿ ಉದುರುತ್ತದೆ, ಅದರ ಮೇಲೆ ಕಲ್ಲಿನ ಗೆರೆ ಕೊರೆಯಲು ಬರುವುದಿಲ್ಲ. ಬೆಟ್ಟದ ಒಳಹೊಟ್ಟೆಗೆ ಮಾತ್ರ ಅದನ್ನು ಬಳಸಬಹುದು.

ಹಾಟ್‌ವೈರ್ ಕಟರ್ (ಕಾದ ತಂತಿಯಿಂದ ಫೋಮ್ ಕೊಯ್ಯುವ ಸಾಧನ) ಕೊಳ್ಳಲೇಬೇಕೆಂದಿಲ್ಲ. ಅಲಂಕಾರದ ಥರ್ಮಾಕೋಲ್ 2022ರಲ್ಲಿ ನಿಷೇಧವಾಗುವ ಮೊದಲು ಮದುವೆ ಮಂಟಪಕ್ಕೆ, ಗಣೇಶನ ಹಬ್ಬಕ್ಕೆ ಅದರ ಅಕ್ಷರ, ಕಮಾನು ಕೊಯ್ಯುತ್ತಿದ್ದ ಡೆಕೋರೇಷನ್‌ನವರ ಹತ್ತಿರ ಈ ಕಟರ್ ಇರಬಹುದು. ಹಾಳೆ ಒಯ್ದು, ಬೇಕಾದ ಕಡೆ 25 ಮಿ.ಮೀ. ದಪ್ಪವನ್ನು ಅಡ್ಡಕ್ಕೆ ಸೀಳಿಸಿ 12 ಮಿ.ಮೀ. ಮಾಡಿಸಿಕೊಳ್ಳಿ. ಮನೆಯಲ್ಲೇ ಕೊಯ್ಯುವುದಾದರೆ ಕಿಟಕಿ ಬಾಗಿಲು ತೆರೆದಿಡಿ, ಸುಟ್ಟ ಫೋಮ್ ಹೊಗೆ ಒಳ್ಳೆಯದಲ್ಲ.

ಉಳಿದದ್ದು:

- 5 ಮಿ.ಮೀ. ಸನ್‌ಬೋರ್ಡ್, 3×2 ಅಡಿ (ಫ್ಲೆಕ್ಸ್ ಪ್ರಿಂಟ್ ಅಂಗಡಿಯಲ್ಲಿ)
- ಬಿಳಿ ಫೆವಿಕಾಲ್ 1 ಕೆ.ಜಿ.
- 18 ಮಿ.ಮೀ. ಸ್ನ್ಯಾಪ್ ಕಟರ್, ಹತ್ತು ಬ್ಲೇಡ್‌ನ ಒಂದು ಪ್ಯಾಕ್
- 60 ಮತ್ತು 120 ನಂಬರ್ ಉಪ್ಪುಕಾಗದ
- ಉಕ್ಕಿನ ಸ್ಕೇಲ್, ಖಾಲಿ ಬಾಲ್‌ಪೆನ್ನು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಟೂತ್‌ಪಿಕ್
- ವಾಲ್ ಪುಟ್ಟಿ 1 ಕೆ.ಜಿ., ಎಂ-ಸ್ಯಾಂಡ್ 1 ಕೆ.ಜಿ.
- ಅಕ್ರಿಲಿಕ್ ಕಪ್ಪು, ಬಿಳಿ ತಲಾ 200 ಮಿ.ಲೀ., ಕಂದು 100 ಮಿ.ಲೀ., ಹಸಿರು ಮತ್ತು ಹಸಿರುನೀಲಿ ಸ್ವಲ್ಪ
- ನೆಲಕ್ಕೆ ಹಾಕುವ ರೆಡ್ ಆಕ್ಸೈಡ್, ಯೆಲ್ಲೋ ಆಕ್ಸೈಡ್ ಪುಡಿ ತಲಾ 100 ಗ್ರಾಂ
- ನೀರಿನಲ್ಲಿ ಬೆರೆಯುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್, ಗ್ಲಾಸ್ (ಹೊಳಪಿನ) ವಾರ್ನಿಶ್
- 1 ಮತ್ತು 2 ಇಂಚಿನ ಪೇಂಟ್ ಬ್ರಷ್, ಒಂದು ಹಳೇ ಮೇಕಪ್ ಬ್ರಷ್

ಬಣ್ಣ ಅಗ್ಗವಾಗಲಿ ಎಂದು ಬಿಳಿ ಎಮಲ್ಷನ್‌ಗೆ ಸ್ಟೇನರ್ (ಛಾಯೆ ಕೊಡುವ ದ್ರವ) ಸುರಿದು ಕಡುಬಣ್ಣ ಮಾಡಲು ಹೋಗಬೇಡಿ. ಸ್ಟೇನರ್ ಹೆಚ್ಚಾದರೆ ಬಣ್ಣ ಸರಿಯಾಗಿ ಒಣಗದೆ ಬೆರಳಿಗೆ ಅಂಟುತ್ತದೆ. ತೆಳು ಛಾಯೆಗೆ ಸ್ಟೇನರ್, ಕಡುಬಣ್ಣಕ್ಕೆ ಆಕ್ಸೈಡ್ ಪುಡಿ ಅಥವಾ ಅಕ್ರಿಲಿಕ್.

ಅಂಟಿನ ವಿಷಯದಲ್ಲೂ ಎಚ್ಚರ. ಚಪ್ಪಲಿಗೆ, ರೆಕ್ಸಿನ್‌ಗೆ ಹಚ್ಚುವ ಹಳದಿ ರಬ್ಬರ್ ಅಂಟು ಫೋಮನ್ನು ತಿಂದುಹಾಕುತ್ತದೆ. ಫೆವಿಕ್ವಿಕ್ ಜಾತಿಯವೂ ಬೇಡ. ಹೊಸ ಅಂಟನ್ನು ಚೂರುಪಾರಿನ ಮೇಲೆ ಹಚ್ಚಿ ಹತ್ತು ನಿಮಿಷ ನೋಡಿ. ಮೇಲ್ಮೈ ಹೊಳಪು ಬಂದು ಗುಳಿ ಬಿದ್ದರೆ ಆ ಅಂಟು ಇಲ್ಲಿಗಲ್ಲ.

ಹಂತ 4: ಬೇಸ್ ಕತ್ತರಿಸುವುದು

ಪ್ರತಿ ತುಂಡಿಗೂ ಸನ್‌ಬೋರ್ಡ್ ಬೇಸ್ ಕತ್ತರಿಸಿ. ಚೌಕ ಬೇಡ, ಅಂಚು ಅಂಕುಡೊಂಕಾಗಿರಲಿ. ನಂತರ ಕಟರನ್ನು ಓರೆಯಾಗಿ ಹಿಡಿದು ಅಂಚನ್ನು ಇಳಿಜಾರು ಮಾಡಿ, 60 ನಂಬರ್ ಕಾಗದದಲ್ಲಿ ಉಜ್ಜಿ. ಈ ಇಳಿಜಾರು ಇಲ್ಲದಿದ್ದರೆ ತುಂಡು ಮೇಜಿನ ಮೇಲೆ ಇಟ್ಟ ತಟ್ಟೆಯ ಹಾಗೆ ಕಾಣುತ್ತದೆ.

ರಟ್ಟು ಅಥವಾ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಏಕೆ ಬೇಡ ಎಂದರೆ, ಫೆವಿಕಾಲ್ ಬೆರೆತ ನೀರು ಒಂದೇ ಮುಖಕ್ಕೆ ಬೀಳುತ್ತದೆ. ಆ ಪದರ ಒಣಗುತ್ತಾ ಕುಗ್ಗಿ ಬೇಸ್ ಮೇಲಕ್ಕೆ ಮಡಿಸಿಕೊಳ್ಳುತ್ತದೆ. ಕೋಲಾರ, ಚಿಂತಾಮಣಿ ಕಡೆಯ ಏಪ್ರಿಲ್ ಬಿಸಿಲಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಎಂಡಿಎಫ್ ಮಾತ್ರ ಸಿಕ್ಕಿದರೆ ಮೊದಲು ಎರಡೂ ಮುಖಕ್ಕೂ ಅಂಚಿಗೂ ಬಣ್ಣ ಬಳಿದು ಒಣಗಿಸಿ, ನೆರಳಲ್ಲಿ ಕೆಲಸ ಮಾಡಿ.

ಸನ್‌ಬೋರ್ಡನ್ನು ಹಾಟ್‌ವೈರ್‌ನಲ್ಲಿ ಕೊಯ್ಯಬೇಡಿ. ಅದು ಪಿವಿಸಿ, ಸುಟ್ಟರೆ ಕಟುವಾದ ಆಮ್ಲದ ಹೊಗೆ ಬರುತ್ತದೆ.

ಹಂತ 5: ಗುಂಡು ಮತ್ತು ಗುಡ್ಡ

ಗುಂಡಿನಿಂದ ಶುರುಮಾಡಿ, ಕೈ ಪಳಗುತ್ತದೆ. ಎರಡು ಫೋಮ್ ಚೂರು ಅಂಟಿಸಿ 50 ಮಿ.ಮೀ. ಘನ ಮಾಡಿಕೊಳ್ಳಿ. ಎಂಟು ಮೂಲೆ ಕತ್ತರಿಸಿ, ಆಮೇಲೆ ಹೊಸದಾಗಿ ಮೂಡಿದ ಅಂಚುಗಳನ್ನು ಕತ್ತರಿಸಿ. ಆಲೂಗಡ್ಡೆಯ ಆಕಾರ ಬಂದಾಗ ಚಾಕು ಕೆಳಗಿಟ್ಟು 60 ನಂಬರ್ ಕಾಗದ ಹಿಡಿಯಿರಿ. ಪೂರ್ತಿ ಗೋಲ ಮಾಡಬೇಡಿ, ಕ್ರಿಕೆಟ್ ಚೆಂಡಿನ ಹಾಗೆ ಕಾಣುತ್ತದೆ. ಒಂದು ಮಗ್ಗುಲು ಚಪ್ಪಟೆ, ಒಂದು ಮಗ್ಗುಲು ಉಬ್ಬು ಇರಲಿ.

ಬ್ಲೇಡ್ ಮೊಂಡಾದರೆ ಫೋಮ್ ಕೊಯ್ಯುವುದಿಲ್ಲ, ಹರಿಯುತ್ತದೆ. ಕೊಯ್ದ ಮುಖ ತುರಿದ ತೆಂಗಿನಕಾಯಿಯ ಹಾಗೆ ಒರಟಾದರೆ ಆ ಕ್ಷಣವೇ ತುದಿ ಮುರಿದು ಹೊಸ ಅಲಗು ತೆಗೆಯಿರಿ. ಉಪ್ಪುಕಾಗದ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಈಗ ಪದರ ಕಳಚಿದ ಗುರುತು. ಗುಂಡಿನ ಒಂದು ಬದಿಯಲ್ಲಿ ಬಾಲ್‌ಪೆನ್ನಿನಿಂದ ಬಾಗಿದ ಗೆರೆ ಎಳೆದು, ಗೆರೆಯ ಒಂದು ಮಗ್ಗುಲನ್ನು ಮಾತ್ರ 2 ಮಿ.ಮೀ. ಆಳಕ್ಕೆ ತೆಳ್ಳಗೆ ಹೆರೆಯಿರಿ. ಸಿಪ್ಪೆ ಬಿಟ್ಟ ಹಾಗೆ ಒಂದು ಮೆಟ್ಟಿಲು ಮೂಡುತ್ತದೆ. ನಾಲ್ಕು ಗುಂಡಿಗೆ ಒಂದರಲ್ಲಿ ಇದಿದ್ದರೆ ಸಾಕು. ಮುಂದೆ ಬೆಳಕಿನ ಬಣ್ಣ ಹಚ್ಚುವ ಬಿರುಕುಗಳನ್ನೂ ಈಗಲೇ ಕೊರೆದಿಡಿ. ಕೊನೆಗೆ ಫಾಯಿಲನ್ನು ನಿಂಬೆಹಣ್ಣಿನ ಗಾತ್ರಕ್ಕೆ ಮುದ್ದೆಮಾಡಿ ಎಲ್ಲ ಕಡೆ ಒತ್ತಿ ಉರುಳಿಸಿ. ಫಾಯಿಲಿನ ಮಡಿಕೆಗಳೇ ಕಲ್ಲಿನ ತರಿ ಆಗುತ್ತವೆ. ಒಂದೇ ಮುಖದ ಫಾಯಿಲನ್ನು ಒಂದೇ ದಿಕ್ಕಿಗೆ ಒತ್ತಿದರೆ ಮುದ್ರೆ ಒತ್ತಿದಂತೆ ಒಂದೇ ವಿನ್ಯಾಸ ಮರುಕಳಿಸುತ್ತದೆ, ತಿರುಗಿಸುತ್ತಾ ಒತ್ತಿ.

ಗುಡ್ಡಕ್ಕೆ 25 ಮಿ.ಮೀ.ನ ಮೂರು ಪದರ, ಮೇಲೆ ಹೋದಂತೆ ಚಿಕ್ಕದಾಗಲಿ. ಆದರೆ ಮದುವೆ ಕೇಕಿನ ಹಾಗೆ ಎಲ್ಲ ಕಡೆ ಸಮನಾಗಿ ಒಳಸರಿಸಬೇಡಿ. ಒಂದು ಕಡೆ ಮೂರೂ ಪದರ ನೇರವಾಗಿ ನಿಂತು ಕಡಿದಾಗಿರಲಿ, ಎದುರು ಕಡೆ ಪ್ರತಿ ಪದರಕ್ಕೂ 40 ಮಿ.ಮೀ. ಅಗಲದ ತಟ್ಟು ಸಿಗಲಿ. ಗೊಂಬೆ ಹತ್ತುವುದು ಆ ಕಡೆಯಿಂದ. ಇಳಿಜಾರು 30 ಡಿಗ್ರಿ ದಾಟಿದರೆ ಲೋಹದ ಗೊಂಬೆ ಜಾರಿ ಬಣ್ಣ ಕೆಡಿಸಿಕೊಳ್ಳುತ್ತದೆ. ನಿಮ್ಮಲ್ಲಿರುವ ಅತ್ಯಂತ ತೂಕದ ಗೊಂಬೆಯನ್ನು ಪ್ರತಿ ತಟ್ಟಿನಲ್ಲೂ ನಿಲ್ಲಿಸಿ, ಮೇಜನ್ನು ಒಮ್ಮೆ ತಟ್ಟಿ ನೋಡಿ.

ಪದರಗಳ ನಡುವೆ ಫೆವಿಕಾಲ್ ಬಹಳ ತೆಳುವಾಗಿರಬೇಕು. ಫೋಮ್ ಒಳಗೆ ಗಾಳಿ ಹೋಗದ ಕಾರಣ ದಪ್ಪ ಹಚ್ಚಿದ ಅಂಟು ನಡುಭಾಗದಲ್ಲಿ ವಾರವಾದರೂ ಹಸಿಯಾಗಿಯೇ ಇರುತ್ತದೆ. ಎರಡೂ ಮುಖವನ್ನು ಉಪ್ಪುಕಾಗದದಲ್ಲಿ ತರಚಿ, ಅಂಟನ್ನು ಕಾರ್ಡಿನಲ್ಲಿ ಎಳೆದು ಹರಡಿ, ನಾಲ್ಕು ಟೂತ್‌ಪಿಕ್ ಚುಚ್ಚಿ ಕೂಡಿಸಿ, ಮೇಲೆ ದಪ್ಪ ಪುಸ್ತಕ ಹೇರಿ 24 ಗಂಟೆ ಬಿಡಿ. ಹಾಟ್ ಗ್ಲೂ (ಕಾಯಿಸಿ ಕರಗಿಸಿ ಹಾಕುವ ಅಂಟು) ಬಳಸುವುದಾದರೆ ಬೇಸ್‌ಗೆ ಹಾಕಿ ಹತ್ತು ಎಣಿಸಿ ಆಮೇಲೆ ಫೋಮ್ ಒತ್ತಿ. ನೇರ ಫೋಮ್ ಮೇಲೆ ಬಿದ್ದರೆ ಗುಳಿ ಬೀಳುತ್ತದೆ.

ಪದರದ ಗೆರೆ ಕಾಣುವ ಕಡೆಯಲ್ಲೆಲ್ಲ ಗುಂಡುಗಳನ್ನು ಒರಗಿಸಿ ಅಂಟಿಸಿ. ಗುಂಡಿನ ತಳ ಸ್ವಲ್ಪ ಕತ್ತರಿಸಿದರೆ ಮಣ್ಣಲ್ಲಿ ಹೂತ ಹಾಗೆ ಕೂರುತ್ತದೆ, ಇಲ್ಲದಿದ್ದರೆ ಯಾರೋ ತಂದಿಟ್ಟ ಹಾಗೆ. ಸಂದುಗಳಿಗೆ ಪುಟ್ಟಿ ತುಂಬಿ. ಪುಟ್ಟಿಗೆ ನೀರಿನ ಜೊತೆ ಒಂದು ಚಮಚ ಫೆವಿಕಾಲ್ ಸೇರಿಸಿ, ಒಂದು ಸಲಕ್ಕೆ 2 ಮಿ.ಮೀ.ಗಿಂತ ದಪ್ಪ ಮೆತ್ತಬೇಡಿ, ಬಿರುಕು ಬಿಡುತ್ತದೆ.

ಹಂತ 6: ಕೋಟೆ ಗೋಡೆ ಮತ್ತು ಹೆಬ್ಬಾಗಿಲು

ಇಟ್ಟಿಗೆ ಗೋಡೆಯ ಹಾಗೆ ಸಮನಾದ ಚೌಕ ಕೊರೆದರೆ ಕೆಲಸ ಕೆಟ್ಟಿತು. ಬೆಟ್ಟದ ಕೋಟೆಯ ಗೋಡೆಯಲ್ಲಿ ಕೆಳಗಿನ ಕಲ್ಲು ದಪ್ಪ, ಮೇಲೆ ಹೋದಂತೆ ಸಣ್ಣ, ಸಂದಿಗೆ ಚೂರುಗಲ್ಲು. ಗೋಡೆ ಮೇಲೆ ಹೋದಂತೆ ತುಸು ಒಳಕ್ಕೆ ವಾಲಿರುತ್ತದೆ.

25 ಮಿ.ಮೀ. ಫೋಮಿನಿಂದ 80 ಮಿ.ಮೀ. ಎತ್ತರದ ಗೋಡೆ ಕತ್ತರಿಸಿ. ಹೊರಮುಖವನ್ನು ಮೇಲ್ತುದಿಯಲ್ಲಿ 4 ಮಿ.ಮೀ. ಒಳಕ್ಕೆ ಬರುವಂತೆ ಓರೆಯಾಗಿ ಹೆರೆಯಿರಿ. ಪೆನ್ನಿನಿಂದ ಮೊದಲು ಅಡ್ಡಗೆರೆ: ಕೆಳಗಿನ ಎರಡು ಸಾಲು 12 ಮಿ.ಮೀ., ಉಳಿದವು 8ರಿಂದ 9. ಸ್ಕೇಲ್ ಇಡಬೇಡಿ, ಕೈಯಲ್ಲೇ ಎಳೆಯಿರಿ. ಆಮೇಲೆ ಲಂಬಗೆರೆ: ಒಂದು ಕಲ್ಲು 12, ಪಕ್ಕದ್ದು 20, ಅದರ ಪಕ್ಕ 15. ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿನ ಮೇಲೆಯೇ ಬರಬಾರದು. ಅಲ್ಲಲ್ಲಿ ಒಂದು ಕಲ್ಲನ್ನು ಸ್ಕ್ರೂಡ್ರೈವರ್ ಹಿಡಿಯ ತುದಿಯಿಂದ 1 ಮಿ.ಮೀ. ಒಳಕ್ಕೆ ಒತ್ತಿ. ನಂತರ ಫಾಯಿಲ್ ಉರುಳಿಸಿ, ಮತ್ತೊಮ್ಮೆ ಪೆನ್ನಿನಲ್ಲಿ ಗೆರೆಗಳನ್ನು ಆಳ ಮಾಡಿ. ಗೆರೆ 1.5 ಮಿ.ಮೀ.ಗಿಂತ ತೆಳುವಾದರೆ ಮುಂದೆ ಫೋಮಿಗೆ ಬಳಿಯುವ ರಕ್ಷಣೆಯ ಪದರದಲ್ಲಿ (ಸೀಲ್ ಕೋಟ್) ಮುಚ್ಚಿಹೋಗುತ್ತದೆ.

ಇಲ್ಲಿ ಎರಡು ನಿಮಿಷದ ಒಂದು ಕೆಲಸ ಗೋಡೆಯ ಗುಣವನ್ನೇ ಬದಲಿಸುತ್ತದೆ. ಹಳೇ ಕಾಲದಲ್ಲಿ ಬಂಡೆ ಸೀಳುವಾಗ ಸಾಲಾಗಿ ಸಣ್ಣ ಗುಳಿ ಕೊರೆದು ಬೆಣೆ ಹೊಡೆಯುತ್ತಿದ್ದರು. ಸೀಳಿದ ಕಲ್ಲಿನ ಅಂಚಿನಲ್ಲಿ ಆ ಅರ್ಧಗುಳಿಗಳು ಹಲ್ಲಿನ ಸಾಲಿನ ಹಾಗೆ ಉಳಿಯುತ್ತವೆ. ಗಡಿಯಾರ ರಿಪೇರಿಯ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ತೆಗೆದುಕೊಂಡು ಐದಾರು ಕಲ್ಲುಗಳ ಒಂದು ಅಂಚಿನಲ್ಲಿ, 4 ಮಿ.ಮೀ. ಅಂತರದಲ್ಲಿ, ನಾಲ್ಕೈದು ಗುಳಿ ಒತ್ತಿ. ಪಕ್ಕದ ಒಂದೆರಡು ಗುಂಡಿನ ಮೇಲೂ ಒಂದು ಸಾಲು ಒತ್ತಿಬಿಡಿ, ಸೀಳಲು ಹೊರಟು ಅರ್ಧಕ್ಕೆ ಕೈಬಿಟ್ಟ ಹಾಗೆ. ಕೋಟೆಯ ಕಲ್ಲು ಇದೇ ಬೆಟ್ಟದ್ದು ಎಂದು ಯಾರೂ ಹೇಳದೆ ತಿಳಿಯುತ್ತದೆ.

ಬತ್ತೇರಿಗೆ 25 ಮಿ.ಮೀ.ನ ನಾಲ್ಕು ದುಂಡು ಬಿಲ್ಲೆ ಪೇರಿಸಿ, ವ್ಯಾಸ 90 ಮಿ.ಮೀ. ಮೇಲೆ ಐದು ತೆನೆ (ಕೋಟೆಗೋಡೆಯ ತುದಿಯ ಹಲ್ಲಿನಂಥ ಕಲ್ಲು), ಪ್ರತಿಯೊಂದೂ 15 ಮಿ.ಮೀ. ಎತ್ತರ 12 ಮಿ.ಮೀ. ಅಗಲ, ದಪ್ಪ 8 ಮಿ.ಮೀ.ಗಿಂತ ಹೆಚ್ಚಿಲ್ಲ. ದಪ್ಪವಾದರೆ ಒಳಗೆ ನಿಲ್ಲುವ ಜಾಗ ಕಿರಿದಾಗುತ್ತದೆ. ಎರಡು ತೆನೆಯನ್ನು ಮುರಿದುಬಿಡಿ, ಮುರಿದ ಚೂರನ್ನು ಎಸೆಯದೆ ಕೆಳಗೆ ಬೇಸ್ ಮೇಲೆ ಅಂಟಿಸಿ. ಗೋಡೆ ಕುಸಿದ ಕಡೆಯಲ್ಲೆಲ್ಲ ಇದೇ ನಿಯಮ: ಮೇಲೆ ಎಷ್ಟು ಕಲ್ಲು ಇಲ್ಲವೋ ಅದರಲ್ಲಿ ಅರ್ಧವಾದರೂ ಕೆಳಗೆ ಬಿದ್ದಿರಬೇಕು.

ಹೆಬ್ಬಾಗಿಲಿಗೆ ಕಮಾನು ಬೇಡ. ಎರಡು ನಿಲುವುಗಂಬ, ಮೇಲೆ ಒಂದೇ ಉದ್ದ ಕಲ್ಲಿನ ತೊಲೆ. ಕೊರೆಯಲೂ ಸುಲಭ, ಕೈ ಹಾಕಿ ಗೊಂಬೆ ತೆಗೆಯಲೂ ಸುಲಭ.

ಹಂತ 7: ಕಲ್ಯಾಣಿ

ಮೇಜನ್ನು ಅಗೆಯಲು ಆಗುವುದಿಲ್ಲ, ಹಾಗಾಗಿ ಸುತ್ತ ಏರಿ ಎತ್ತರಿಸಬೇಕು. 200 ಮಿ.ಮೀ. ಚೌಕದ ಬೇಸ್ ಮೇಲೆ 12 ಮಿ.ಮೀ. ಫೋಮಿನ ಎರಡು ಚೌಕಟ್ಟು. ಹೊರಗಡೆ ಎಲ್ಲ ಬದಿಗೂ 15 ಮಿ.ಮೀ. ಇಳಿಜಾರು, ಮೇಲಿನ ದಂಡೆ 30 ಮಿ.ಮೀ., ಒಳಗಿನ ಮೆಟ್ಟಿಲು 30 ಮಿ.ಮೀ., ನಡುವೆ 50 ಮಿ.ಮೀ. ಚೌಕದ ನೀರು. ಈ ಮೆಟ್ಟಿಲ ಮೇಲೆ 25 ಮಿ.ಮೀ. ಬೇಸ್ ಸಲೀಸಾಗಿ ಕೂರುತ್ತದೆ. 32ರದ್ದು ಅಂಚಿಗೆ ತುಸು ಚಾಚುತ್ತದೆ, ಬೀಳುವುದಿಲ್ಲ.

ನಿಜವಾದ ಕಲ್ಯಾಣಿಯ ಹಾಗೆ 4 ಮಿ.ಮೀ.ನ ಹತ್ತಾರು ಮೆಟ್ಟಿಲು ಕೊರೆಯುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಬದಿಯಲ್ಲಿ ಮಾತ್ರ, 40 ಮಿ.ಮೀ. ಅಗಲಕ್ಕೆ, ಅಂದಕ್ಕಾಗಿ ಹಾಗೆ ಮಾಡಿ ಸುಮ್ಮನಾಗಿ.

ಹಂತ 8: ಬರೀ ಫೋಮಿನಲ್ಲೇ ಒಂದು ಆಟ

ಬಣ್ಣವಿಲ್ಲದ ತುಂಡುಗಳನ್ನು ಮೇಜಿನ ಮೇಲೆ ಹರಡಿ ಪೂರ್ತಿ ಒಂದು ಆಟ ಆಡಿ. ಈ ಹಂತ ಬಿಟ್ಟವರೇ ಆಮೇಲೆ ಬಣ್ಣ ಹಚ್ಚಿದ ಬೆಟ್ಟವನ್ನು ಕತ್ತರಿಸುವುದು.

ಗಮನಿಸಬೇಕಾದ್ದು ಮೂರು. ಯಾವುದಾದರೂ ಗೊಂಬೆಯನ್ನು ಇಡಲು ಎರಡು ಕೈ ಬೇಕಾಯಿತೇ? ಮೇಜಿನ ಈ ತುದಿಯಿಂದ ಆ ತುದಿಗೆ ಅಡೆತಡೆಯಿಲ್ಲದೆ ಕಾಣುವ ದಾರಿ ಎರಡಕ್ಕಿಂತ ಹೆಚ್ಚಿವೆಯೇ? ಬತ್ತೇರಿಯ ಮೇಲೆ ಕೂತ ಒಬ್ಬ ಬಿಲ್ಲುಗಾರ ಇಡೀ ಮೇಜನ್ನು ಆಳುತ್ತಿದ್ದಾನೆಯೇ? ಮೂರನೆಯದಕ್ಕೆ ಹೌದು ಎಂದರೆ ಬತ್ತೇರಿಯಿಂದ ಒಂದು ಬಿಲ್ಲೆ ತೆಗೆಯಿರಿ. ಚಾಕು ಹಾಕುವುದಿದ್ದರೆ ಈಗಲೇ.

ಹಂತ 9: ಮರಳು ಮತ್ತು ಸೀಲ್ ಕೋಟ್

ಬೇಸ್‌ನ ಖಾಲಿ ಜಾಗಕ್ಕೆ ಫೆವಿಕಾಲ್ ಹಚ್ಚಿ, ಜರಡಿ ಹಿಡಿದ ಎಂ-ಸ್ಯಾಂಡ್ ಉದುರಿಸಿ. ದಪ್ಪ ತರಿ ಬಂಡೆಯ ಬುಡಕ್ಕೆ, ನಯವಾದದ್ದು ಕಾಲುದಾರಿಗೆ. ಹೊಲದ ಕೆಮ್ಮಣ್ಣನ್ನೇ ಹಾಕಿದರೆ ಬಣ್ಣವೇ ಬೇಡವಲ್ಲ ಎಂದು ತೋರಬಹುದು. ಅದರಲ್ಲಿ ಜೇಡಿಯೇ ಹೆಚ್ಚು, ಬ್ರಷ್ ತಾಗಿದ ಕೂಡಲೇ ಕರಗಿ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಕೊಳೆನೀರು ಹೋಗುವವರೆಗೆ ಜಾಲಿಸಿದರೆ ಉಳಿಯುವುದು ಬರೀ ಮರಳು, ಕೆಂಪು ಆ ನೀರಿನ ಜೊತೆ ಹೋಗಿರುತ್ತದೆ.

ಸಣ್ಣ ಕಲ್ಲಿಗೆ ರಾಗಿ, ಸಾಸಿವೆ ಬಳಸುವವರಿದ್ದಾರೆ. ಇರುವೆ, ಹುಳು, ಇಲಿ ಮೂರಕ್ಕೂ ಕರೆದು ಊಟ ಹಾಕಿದ ಹಾಗೆ.

ಮಾರನೇ ದಿನ ಸೀಲ್ ಕೋಟ್: ಫೆವಿಕಾಲ್ 2 ಭಾಗ, ಕಪ್ಪು ಅಕ್ರಿಲಿಕ್ 1 ಭಾಗ, ನೀರು ಅರ್ಧ ಭಾಗ. ದೋಸೆ ಹಿಟ್ಟಿನ ಹದಕ್ಕೆ ಬರಬೇಕು. 1 ಇಂಚಿನ ಬ್ರಷ್‌ನಲ್ಲಿ ಕುಟ್ಟಿಕುಟ್ಟಿ ಸಂದಿಗೆಲ್ಲ ತುಂಬಿ, ನಾಲ್ಕು ಗಂಟೆ ಬಿಟ್ಟು ಎರಡನೇ ಕೋಟ್. ಒಣಗಿದ ಮೇಲೆ ಉಗುರಿನಿಂದ ಒತ್ತಿ ನೋಡಿ: ಗುರುತು ಬೀಳದಿದ್ದರೆ ಮುಂದಕ್ಕೆ ಹೋಗಬಹುದು. ಟಾರ್ಚ್ ಹಿಡಿದು ತಳದಂಚು, ತೆನೆಗಳ ನಡುವೆ ನೋಡಿ, ಫೋಮಿನ ಬಣ್ಣ ಎಲ್ಲಾದರೂ ಇಣುಕುತ್ತಿದ್ದರೆ ಅಲ್ಲಿಗೆ ಇನ್ನೊಂದು ಕೋಟ್.

ಸ್ಪ್ರೇ ಕ್ಯಾನ್ ಕರಗಿಸುವುದು ಈ ಇಣುಕುವ ಜಾಗಗಳನ್ನೇ. ಅದರ ಥಿನ್ನರ್ ಪಾಲಿಸ್ಟೈರೀನನ್ನು ಕರಗಿಸುತ್ತದೆ, ಸೂಜಿಮೊನೆಯಷ್ಟು ತೂತಿದ್ದರೂ ಒಳಗೆ ನುಗ್ಗಿ ಟೊಳ್ಳು ಮಾಡುತ್ತದೆ. ಬ್ರಷ್‌ನಲ್ಲೇ ಕೆಲಸ ಮುಗಿಯುವುದರಿಂದ ಸ್ಪ್ರೇ ಬೇಕಾಗಿಯೇ ಇಲ್ಲ.

ಹಂತ 10: ಬಣ್ಣ

ಮೊದಲು ಕಲ್ಲು, ಆಮೇಲೆ ಮಣ್ಣು. ಮಣ್ಣು ಮೊದಲು ಹಚ್ಚಿದರೆ ಕಲ್ಲಿನ ಬೂದು ಅದರ ಮೇಲೆ ಬಿದ್ದು ಎರಡೆರಡು ಸಲ ಕೆಲಸ.

ಕಲ್ಲಿಗೆ ಮೂರು ಪದರ. ಒಂದು: ಕಪ್ಪು 1, ಬಿಳಿ 2, ಚಿಟಿಕೆ ಕಂದು. ಸಂದಿಯ ಕಪ್ಪನ್ನು ಉಳಿಸಿ ಉಳಿದೆಡೆ ಬಳಿಯಿರಿ. ಎರಡು: ಅದಕ್ಕೇ ಇನ್ನೊಂದು ಭಾಗ ಬಿಳಿ, ಚಾಕುತುದಿಯಷ್ಟು ರೆಡ್ ಆಕ್ಸೈಡ್. ಇದನ್ನು ಒಣ ಬ್ರಷ್‌ನಲ್ಲಿ. ಅಂದರೆ 2 ಇಂಚಿನ ಬ್ರಷ್ ಅದ್ದಿ, ಹಳೇ ಬಟ್ಟೆಗೆ ಉಜ್ಜಿ, ಕೈಬೆನ್ನಿನ ಮೇಲೆ ಎಳೆದರೆ ಚರ್ಮದ ಗೆರೆಗಳಿಗೆ ಮಾತ್ರ ಬಣ್ಣ ಹತ್ತುವಷ್ಟು ಒಣಗಿದಾಗ, ಬಂಡೆಯ ಮೇಲೆ ಹಗುರವಾಗಿ ಸವರಿ. ಮೂರು: ಬಿಳಿಗೆ ಚೂರು ಯೆಲ್ಲೋ ಆಕ್ಸೈಡ್, ಮೇಕಪ್ ಬ್ರಷ್‌ನಲ್ಲಿ, ಅಂಚುಗಳಿಗೆ ಮಾತ್ರ. ಬಣ್ಣ ಪಟ್ಟೆಪಟ್ಟೆಯಾಗಿ ಹತ್ತಿದರೆ ಬ್ರಷ್ ಇನ್ನೂ ಒದ್ದೆ ಎಂದೇ ಅರ್ಥ. ನೀರಲ್ಲಿ ತೊಳೆದ ಬ್ರಷ್‌ನಲ್ಲಿ ತಕ್ಷಣ ಒಣ ಬ್ರಷ್ ಮಾಡಲು ಹೋಗಬೇಡಿ.

ನಮ್ಮ ಬಂಡೆಗಳ ಗುರುತು ಅವುಗಳ ಮೈಮೇಲಿನ ಕಪ್ಪು ಪಟ್ಟೆ. ಮಳೆನೀರು ಪ್ರತಿ ವರ್ಷ ಅದೇ ದಾರಿಯಲ್ಲಿ ಇಳಿದು, ಅಲ್ಲಿ ಪಾಚಿ ಕಟ್ಟಿ ಒಣಗಿ ಕಪ್ಪಾಗಿರುತ್ತದೆ. 1 ಭಾಗ ಕಪ್ಪಿಗೆ 8 ಭಾಗ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಗುಡ್ಡದ ಕಡಿದಾದ ಮುಖದಲ್ಲಿ ನೆತ್ತಿಯಿಂದ ಶುರುಮಾಡಿ ಬ್ರಷ್ ಕೆಳಗೆಳೆಯಿರಿ, ಕೆಳಗೆ ಬರುತ್ತಾ ತೆಳುವಾಗಲಿ. ತಗ್ಗಿದ್ದ ಕಡೆ ಅಗಲ, ಉಬ್ಬಿದ್ದ ಕಡೆ ಪಟ್ಟೆಯೇ ಇಲ್ಲ. ನೀರು ಹರಿಯುವ ದಾರಿಯನ್ನು ಯೋಚಿಸಿಯೇ ಎಳೆಯಿರಿ. ಲಿಕ್ವಿಡ್ ಒಂದು ಹನಿ ದಾಟಿದರೆ ಗುಳ್ಳೆ ಎದ್ದು ಒಣಗಿದ ಮೇಲೆ ಉಂಗುರ ಉಳಿಯುತ್ತದೆ.

ಮಣ್ಣಿಗೆ ರೆಡ್ ಆಕ್ಸೈಡ್ 1, ಯೆಲ್ಲೋ ಆಕ್ಸೈಡ್ 1, ಕಂದು ಅರ್ಧ. ಫೆವಿಕಾಲ್ 1 ಭಾಗಕ್ಕೆ ನೀರು 2 ಭಾಗ ಸೇರಿಸಿದ ದ್ರವದಲ್ಲಿ ಕಲಸಿ. ಬರೀ ರೆಡ್ ಆಕ್ಸೈಡ್ ಹಚ್ಚಿದರೆ ಜಗುಲಿಗೆ ಸಾರಿಸಿದ ಹಾಗಾಗುತ್ತದೆ. ಒಣಗಿದ ಮೇಲೆ ಯೆಲ್ಲೋ ಆಕ್ಸೈಡಿಗೆ ಬಿಳಿ ಬೆರೆಸಿ ಒಣ ಬ್ರಷ್.

ಈಗ ಎಲ್ಲವನ್ನೂ ಕೂಡಿಸುವ ಕೆಲಸ. ಅದೇ ಮಣ್ಣಿನ ಬಣ್ಣವನ್ನು ಒಣ ಬ್ರಷ್‌ನಲ್ಲಿ ಪ್ರತಿ ಬಂಡೆಯ, ಪ್ರತಿ ಗೋಡೆಯ ಕೆಳಗಿನ 10 ಮಿ.ಮೀ.ಗೆ ಸವರಿ. ಮಳೆಹನಿ ಸಿಡಿದು ಗೋಡೆಯ ಬುಡ ಕೆಂಪಾಗುವುದು ಯಾವ ಹಳ್ಳಿಯಲ್ಲಾದರೂ ಕಾಣುವುದೇ. ಸಂತೆಯ ಹಾಗಿದ್ದ ತುಂಡುಗಳು ಒಂದೇ ಜಾಗಕ್ಕೆ ಸೇರುವುದು ಇಲ್ಲಿ.

ಬೆಳಕಿನ ಬಿರುಕು ಕೊನೆಗೆ. ಬಿರುಕಿನ ಆಳಕ್ಕೆ ಬಿಳಿ, ಒಣಗಿದ ಮೇಲೆ ಅದರ ಮೇಲೆ ತೆಳು ಹಸಿರುನೀಲಿ, ಸುತ್ತ 5 ಮಿ.ಮೀ.ವರೆಗೆ ಅದೇ ಬಣ್ಣ ಇನ್ನಷ್ಟು ನೀರಾಗಿ. ಆಳದಲ್ಲಿ ಹೊಳಪು, ಅಂಚಿಗೆ ಬಂದಂತೆ ಮಂದ. ತಿರುಗುಮುರುಗಾದರೆ ಬೆಳಕಲ್ಲ, ಬಣ್ಣ ಚೆಲ್ಲಿದ ಹಾಗೆ. ಇಡೀ ಮೇಜಿಗೆ ಮೂರು ಬಿರುಕು ಸಾಕು.

ಹಂತ 11: ಹುಲ್ಲು, ಮರ

ಹುಲ್ಲಿಗೆ ತೆಂಗಿನ ನಾರು. ತಿಪಟೂರಿನಿಂದ ತುಮಕೂರಿನವರೆಗೆ ಅದಕ್ಕೇನೂ ಬರವಿಲ್ಲ. ತೆಳು ಎಳೆಗಳನ್ನು 6 ಮಿ.ಮೀ.ಗೆ ಕತ್ತರಿಸಿ, ಚಿಟಿಕೆಯಷ್ಟು ಹಿಡಿದು ಬುಡವನ್ನು ಫೆವಿಕಾಲ್‌ಗೆ ಅದ್ದಿ, ಬಂಡೆಯ ಬುಡಕ್ಕೆ ನಿಲ್ಲಿಸಿ. ತುದಿಗೆ ತೆಳು ಹಳದಿ ಸವರಿದರೆ ಬೇಸಿಗೆಯ ಒಣಹುಲ್ಲು. ಬಯಲ ನಡುವೆ ನೆಡಬೇಡಿ, ಬೇಸ್ ನಿಲ್ಲುವುದಿಲ್ಲ.

ಮರಕ್ಕೆ ಒಣಗಿದ ಲಂಟಾನ ಕಡ್ಡಿ, ಕವಲು ಚೆನ್ನಾಗಿರುತ್ತದೆ. ಎರಡು ವಾರ ಬಿಸಿಲಲ್ಲಿ ಒಣಗಿಸಿ, ಸಡಿಲ ತೊಗಟೆ ಕಿತ್ತು, ತೆಳು ಫೆವಿಕಾಲ್ ಬಳಿಯಿರಿ. ಹಸಿಕಡ್ಡಿ ಅಂಟಿಸಿದರೆ ಕುಗ್ಗಿ ಕಳಚುತ್ತದೆ, ಒಳಗೆ ಹುಳವಿದ್ದರೆ ತಿಂಗಳೊಳಗೆ ಬೇಸ್ ಮೇಲೆ ಹಿಟ್ಟು ಉದುರುತ್ತದೆ. ಎಲೆಗೆ, ಬಣ್ಣ ಹಾಕಿ ಒಣಗಿಸಿ ಜರಡಿ ಹಿಡಿದ ಮರದ ಹೊಟ್ಟು.

ಮರಗಳನ್ನು ತೋಪಿನ ಬೇಸ್‌ಗೆ ಅಂಟಿಸಬೇಡಿ. ಪ್ರತಿ ಮರವನ್ನೂ ಹಾರ್ಡ್‌ವೇರ್ ಅಂಗಡಿಯ 1 ಇಂಚಿನ ಕಬ್ಬಿಣದ ವಾಷರ್ ಮೇಲೆ ನಿಲ್ಲಿಸಿ. ಆಟದಲ್ಲಿ ತೋಪಿನೊಳಕ್ಕೆ ಸೈನ್ಯ ನುಗ್ಗಿದಾಗ ಮರ ಎತ್ತಿಟ್ಟು ಗೊಂಬೆ ಇಡಬಹುದು, ತೋಪಿನ ಗಡಿ ಬೇಸ್ ನೋಡಿದರೇ ಗೊತ್ತಾಗುತ್ತದೆ.

ಹಂತ 12: ನೀರು ಮತ್ತು ವಾರ್ನಿಶ್

ಎಲ್ಲದಕ್ಕೂ ಮ್ಯಾಟ್ ವಾರ್ನಿಶ್ ಎರಡು ಕೋಟ್, ನೀರಿಗೆ ಕೊನೆಯಲ್ಲಿ ಗ್ಲಾಸ್. ಈ ಕ್ರಮ ಉಲ್ಟಾ ಆದರೆ ನೀರು ಮಂಕಾಗುತ್ತದೆ. ಆಕ್ಸೈಡ್ ಪುಡಿ ಬಳಸಿದ ಕಾರಣ ವಾರ್ನಿಶ್ ಬಿಡುವ ಹಾಗಿಲ್ಲ, ಬಿಟ್ಟರೆ ಆಡಿದವರ ಕೈಯೆಲ್ಲ ಕೆಂಪು.

ಕಲ್ಯಾಣಿಯ ತಳಕ್ಕೆ ನೀಲಿ ಹಚ್ಚಬೇಡಿ. ನಿಂತ ನೀರು ಪಾಚಿ ಹಸಿರು: ನಡುವೆ ಕಡುಹಸಿರಿಗೆ ಕಂದು, ಅಂಚಿಗೆ ಹಳದಿ ಮಿಶ್ರ. ಅದರ ಮೇಲೆ ಗ್ಲಾಸ್ ವಾರ್ನಿಶ್ ಐದಾರು ತೆಳು ಕೋಟ್, ಪ್ರತಿಯೊಂದೂ ಒಣಗಿದ ಮೇಲೆ. ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿಯುವುದಿದ್ದರೆ ಕೈಗವಸು ಹಾಕಿ, ಒಂದು ಸಲಕ್ಕೆ 3 ಮಿ.ಮೀ. ಮಾತ್ರ. ದಪ್ಪ ಸುರಿದರೆ ಗಟ್ಟಿಯಾಗುವಾಗ ಏಳುವ ಶಾಖಕ್ಕೆ ಕೆಳಗಿನ ಫೋಮ್ ಬಾಗುತ್ತದೆ. ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ರಾತ್ರಿಯೊಳಗೆ ಎಲ್ಲ ಸೋರಿರುತ್ತದೆ, ಮೊದಲು ಪುಟ್ಟಿ ಬಳಿದು ಸೀಲ್ ಮಾಡಿ.

ಇದೇ ಕ್ರಮದಲ್ಲಿ ಬೇರೆ ಎರಡು ಥೀಮ್

ಕುಬ್ಜರ ಪಾಳುಗಣಿ ಬೇಕಿದ್ದರೆ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಪಕ್ಕದ ಸಯನೈಡ್ ದಿಬ್ಬಗಳನ್ನು (ಚಿನ್ನ ತೆಗೆದು ಉಳಿದ ಅದಿರಿನ ಪುಡಿಯ ರಾಶಿ) ನೋಡಿ. ಮಾಸಲು ಬಣ್ಣದ, ಮಳೆನೀರು ಕೊರೆದ ಕೊರಕಲುಗಳ ದಿಬ್ಬ. ಗುಡ್ಡದ ಮೇಲೆ ಪುಟ್ಟಿ ಮೆತ್ತಿ, ಅರೆಹಸಿ ಇರುವಾಗ ಹಳೇ ಬಾಚಣಿಗೆಯನ್ನು ಮೇಲಿಂದ ಕೆಳಗೆ ಎಳೆದರೆ ಕೊರಕಲು ಸಿದ್ಧ. ಬಾಚಣಿಗೆಯ ಕೆಲವು ಹಲ್ಲು ಮುರಿದಿರಬೇಕು, ಇಲ್ಲವಾದರೆ ಉತ್ತ ಹೊಲವಾಗುತ್ತದೆ. ಗಣಿಬಾಯಿಯ ಮರದ ತೊಲೆಗೆ ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ನೇರವಾಗಿ, ಬೇಕಾದ ದಪ್ಪದಲ್ಲೇ ಸಿಗುತ್ತದೆ.

ಜೇಡರಾಣಿಯ ತೋಪಿಗೆ ಶಿಡ್ಲಘಟ್ಟದ ಕಡೆ ಸಿಗುವ ತೂತುಬಿದ್ದ ರೇಷ್ಮೆಗೂಡು. ನೂಲಿಗೆ ಬಾರದ ಈ ಗೂಡು ಗೊಂಬೆಯ ಪಕ್ಕ ಇಟ್ಟರೆ ಆಳೆತ್ತರದ ಮೊಟ್ಟೆ. ಒಳಗಿನ ಹುಳ ಪೂರ್ತಿ ತೆಗೆದು ಒಣಗಿಸಿದ್ದನ್ನೇ ಬಳಸಿ, ವಾಸನೆ ಬರುವುದನ್ನು ದೂರವಿಡಿ. ಹತ್ತಿಯನ್ನು ಎಳೆ ಬಿಡಿಸಿ ಕೊಂಬೆಯಿಂದ ಕೊಂಬೆಗೆ ಎಳೆದರೆ ಬಲೆ. ಹತ್ತಿ ಬೆಳ್ಳಗೆ ಕಾಣುತ್ತಿದ್ದರೆ ಇನ್ನೂ ದಪ್ಪವಿದೆ, ಮತ್ತಷ್ಟು ಎಳೆಯಿರಿ.

ಮೂರನ್ನೂ ಒಂದೇ ಮೇಜಿಗೆ ಹಾಕಬೇಡಿ.

ಇಡುವುದು, ರಿಪೇರಿ

ಕ್ರೇಟ್‌ನ ತಳಕ್ಕೆ ದಪ್ಪ ತುಂಡು, ನಡುವೆ ಹಳೇ ಪಂಚೆ, ಮೇಲೆ ಗೋಡೆಗಳು. ಮರಗಳಿಗೆ ಬೇರೆ ಡಬ್ಬ. ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನ ಬಿಟ್ಟು ಹೋಗಬೇಡಿ, ಶಾಖಕ್ಕೆ ಹಾಟ್ ಗ್ಲೂ ಬಿಟ್ಟುಕೊಳ್ಳುತ್ತದೆ. ತೆನೆಯ ತುದಿ ಮೊದಲು ಮುಕ್ಕಾಗುತ್ತದೆ, ಅದಕ್ಕಾಗಿ ಕಲ್ಲಿನ ಮೂರೂ ಬಣ್ಣವನ್ನು ಮುಚ್ಚಳ ಬಿಗಿಯಿರುವ ಪುಟ್ಟ ಡಬ್ಬಿಗಳಲ್ಲಿ ಎತ್ತಿಡಿ, ಮೇಲೆ 1, 2, 3 ಎಂದು ಬರೆದು. ಮತ್ತೊಮ್ಮೆ ಕಲಸಿದ ಬೂದು ಹಳೇ ಬೂದಿಗೆ ಹೊಂದುವುದಿಲ್ಲ.